ಪುಳಿಯೋಗರೆ ಹೊತ್ತು ಧ್ರುವದ ಕಡೆಗೆ

ನನಗೆ ಈಗ ಇಪ್ಪತ್ತೊಂಬತ್ತು. ನಿವೃತ್ತನಾಗಿ ಹತ್ತಿರ ಹತ್ತಿರ ಒಂದು ವರ್ಷವಾಯಿತು. ಈ ವಯಸ್ಸಿಗೇ ನಿವೃತ್ತಿಯೇ ಎಂದು ಹುಬ್ಬೇರಿಸುವವರಿಗೆ ಒಂದು ಮಾತು: ಶಾಲು, ಹಾರ, ಫಲತಾಂಬೂಲ, ಗೋಡೆ ಗಡಿಯಾರ ಇವೆಲ್ಲ ಸರ್ಕಾರಿ ನಿವೃತ್ತಿಯ ಲಕ್ಷಣ. ಖಾಸಗಿ ನಿವೃತ್ತಿಯಲ್ಲಿ ಒಂದು ಫೋನು ಬರುತ್ತದೆ, ಅಷ್ಟೇ. ನಾನು ಬಿಟ್ಟ ಕೆಲಸಕ್ಕೆ ಈಗಲೂ ಹುಡುಗರು ಸೇರುತ್ತಿದ್ದಾರೆ. ಕಾಲೇಜು ಮುಗಿಸಿ, ಬೇಸ್‌ಮೆಂಟಿನಲ್ಲಿ ನಾಲ್ವರ ನಡುವೆ ಮಲಗಿ, ‘ಆರ್ಕ್ಟಿಕ್ ಪ್ರವಾಸಕ್ಕೆ ಗೈಡ್ ಬೇಕಾಗಿದ್ದಾರೆ’ ಎಂಬ ಜಾಹೀರಾತು ನೋಡಿ ಮೈ ಜುಮ್ ಎನ್ನಿಸಿಕೊಂಡವರು. ಇದು ಅವರಿಗಾಗಿ ಬರೆದದ್ದು. ಮೈ ಜುಮ್ ಎನ್ನುವುದು ಚಳಿಗೂ ಆಗುತ್ತದೆ, ಅದನ್ನು ಮೊದಲೇ ತಿಳಿದುಕೊಂಡಿರಿ.

ನಾನು ಮೊದಲು ಕೆನಡಾದಲ್ಲಿ, ಟೊರಾಂಟೊ ಪಕ್ಕದ ಬೋಲ್ಟನ್ನಿನ ಒಂದು ಗೋದಾಮಿನಲ್ಲಿದ್ದೆ. ಶೈತ್ಯಾಗಾರದಲ್ಲಿ ಹಸಿ ಬಟಾಣಿಯ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸುವುದು ನನ್ನ ವೃತ್ತಿ. ಬಟಾಣಿಯ ಜೊತೆ ಎಷ್ಟು ಹೊತ್ತು ಮಾತಾಡಲು ಸಾಧ್ಯ? ಹಾಗಾಗಿ ಸೂಪರ್‌ವೈಸರುಗಳ ದನಿಯನ್ನು ಅನುಕರಿಸುವ ಚಟ ಹತ್ತಿತು. ಆ ಚಟ ಕನ್ನಡದವರ ರಾಜ್ಯೋತ್ಸವದ ವೇದಿಕೆಯವರೆಗೆ ಹೋಯಿತು. ಅಲ್ಲಿ ಕೋಳಿ, ಆಟೋ, ಸಂಘದ ಖಜಾಂಚಿ ಮೂವರ ದನಿಯನ್ನೂ ತೆಗೆದು ಕೆಳಗಿಳಿದಾಗ ಸೂಟು ಹಾಕಿದ ಒಬ್ಬರು ಹೆಗಲ ಮೇಲೆ ಕೈಯಿಟ್ಟರು. ಸುದರ್ಶನ್ ಸಾರ್. ಬೆಂಗಳೂರಿನವರು, ಅಲ್ಲೇ ಹತ್ತಿರದ ವಾನ್ ಎಂಬ ಊರಿನಲ್ಲಿ ಪ್ರವಾಸದ ಕಂಪನಿ ನಡೆಸುತ್ತಿದ್ದವರು.

“ಬೇಸಿಕಲಿ ಎಲ್ಲಿ ಕೆಲ್ಸ ಮಾಡ್ತಿದ್ಯಾ ಮಗಾ?”

“ಫ್ರೀಜರಲ್ಲಿ ಸಾರ್.”

“ಮೈನಸ್ಸಾ?”

“ಮೈನಸ್ಸೇ ಸಾರ್.”

“ಹಂಗಾದ್ರೆ ಬೇಸಿಕಲಿ ನಿಂಗೆ ಆರ್ಕ್ಟಿಕ್ ಎಕ್ಸ್‌ಪೀರಿಯೆನ್ಸ್ ಇದೆ. ಓಕೆನಾ?”

ಮುಂದಿನ ಕರಪತ್ರದಲ್ಲಿ ನನ್ನ ಫೋಟೋದ ಕೆಳಗೆ ‘ಅತಿಶೀತ ಪ್ರದೇಶಗಳಲ್ಲಿ ದೀರ್ಘ ಅನುಭವವುಳ್ಳ ಮಾರ್ಗದರ್ಶಿ ಮಂಜುನಾಥ್’ ಎಂದು ಬಂತು. ಬಟಾಣಿಯ ಪ್ರಸ್ತಾಪ ಇರಲಿಲ್ಲ.

ಸುದರ್ಶನ್ ಸಾರ್ ಸ್ವತಃ ಟೊರಾಂಟೊದಿಂದ ಗಂಟೆಯ ದಾರಿಯ ಬ್ಯಾರಿ ಊರಿನಿಂದಾಚೆಗೆ ಉತ್ತರಕ್ಕೆ ಹೋದವರಲ್ಲ. ಮೇ ತಿಂಗಳಲ್ಲೂ ಮೇಜಿನ ಕೆಳಗೆ ಹೀಟರು ಇಟ್ಟುಕೊಂಡು, ಬೆನ್ನ ಹಿಂದಿನ ಗೋಡೆಯಲ್ಲಿ ಬಿಳಿಕರಡಿಯ ಪೋಸ್ಟರು ತೂಗುಹಾಕಿಕೊಂಡು, ಗಿರಾಕಿಗಳಿಗೆ ಧ್ರುವಪ್ರದೇಶದ ಮೌನವನ್ನು ವರ್ಣಿಸುತ್ತಿದ್ದರು. ಅವರ ಮಾತೆಲ್ಲ ಮೂಗಿನಿಂದಲೇ ಹೊರಡುತ್ತಿತ್ತು. ಪ್ರತಿ ವಾಕ್ಯದ ತಲೆಗೆ ‘ಬೇಸಿಕಲಿ’, ಬಾಲಕ್ಕೆ ‘ಓಕೆನಾ’, ನಡುವೆ ಬಿಸಿ ಪಾಯಸ ಸೊರ್ ಎಂದು ಎಳೆದಂಥ ಒಂದು ಉಸಿರು. ಒಂದೇ ವಾರದಲ್ಲಿ ಅದು ನನ್ನ ಗಂಟಲಿಗೆ ಕೂತಿತು. ಸಾರ್‌ಗೆ ಸಿಟ್ಟು ಬರಲಿಲ್ಲ, ಉಪಯೋಗ ಕಂಡಿತು. ಗಿರಾಕಿಗಳಿಗೆ ಮಾಲೀಕರ ಜೊತೆಗೇ ಮಾತಾಡಬೇಕು, ಮಾಲೀಕರಿಗೆ ಊಟವಾದ ಮೇಲೆ ಮಲಗಬೇಕು. “ನಾನು ಮಲ್ಗಿದಾಗ ಬೇಸಿಕಲಿ ನೀನೇ ನಾನು” ಎಂದು ಅಪ್ಪಣೆ ಕೊಟ್ಟರು. ದಿನಕ್ಕೊಂದಿಷ್ಟು ಹೊತ್ತು ನಾನು ಸುದರ್ಶನ್ ಸಾರ್ ಆಗಿರುತ್ತಿದ್ದೆ. ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ, ನಾನು ಕೊಂಚ ಹೆಚ್ಚು ಮರ್ಯಾದೆಯಿಂದ ಮಾತಾಡುತ್ತಿದ್ದೆ ಎಂಬುದನ್ನು ಬಿಟ್ಟರೆ.

ಇನ್ನು ಗಿರಾಕಿಗಳು. ಕೆಲಸಕ್ಕೆ ಸೇರುವ ಹುಡುಗರು ನೆನಪಿಡಬೇಕಾದದ್ದೇನೆಂದರೆ, ಧ್ರುವಪ್ರದೇಶಕ್ಕೆ ಹೋಗುವವರು ಯಾರೂ ಧ್ರುವಪ್ರದೇಶ ನೋಡಲು ಹೋಗುವುದಿಲ್ಲ. ಪಕ್ಕದ ಮನೆಯವರು ಐಸ್‌ಲ್ಯಾಂಡಿಗೆ ಹೋಗಿಬಂದರು ಎಂದು ಹೋಗುತ್ತಾರೆ. “ಕರಡಿ ಗ್ಯಾರಂಟಿ ಇದ್ಯಾ?” ಎಂದು ಒಬ್ಬರು ಕೇಳಿದರು. ಇದೆ ಎಂದೆ. “ಎಷ್ಟು ಹತ್ರ ಬರುತ್ತೆ?” ಕರಡಿಯ ಇಷ್ಟ ಎಂದೆ. “ಸ್ವಲ್ಪ ನೋಡಿ ಹೇಳಿ, ಮಕ್ಕಳು ಇದ್ದಾರೆ” ಎಂದರು, ಹತ್ತಿರ ಬರಲಿ ಎಂದೋ ದೂರ ಇರಲಿ ಎಂದೋ ಕೊನೆಗೂ ಹೇಳಲಿಲ್ಲ.

ನಾನು ಸೇರಿದ ಹೊಸತರಲ್ಲಿ ಜನ ಬೈನಾಕ್ಯುಲರ್ ತರುತ್ತಿದ್ದರು. ನಾನು ಬಿಡುವ ಹೊತ್ತಿಗೆ ಕೋಲಿಗೆ ಸಿಕ್ಕಿಸಿದ ಫೋನು ಬಂದಿತ್ತು. ಇದೇ ನಮ್ಮ ವೃತ್ತಿಯಲ್ಲಿ ನಾನು ಕಂಡ ದೊಡ್ಡ ಬದಲಾವಣೆ. ಒಮ್ಮೆ ದೋಣಿಯ ಪಕ್ಕದಲ್ಲೇ ಬಿಳಿ ತಿಮಿಂಗಿಲವೊಂದು ಬೆನ್ನೆತ್ತಿತು. ದೋಣಿಯಲ್ಲಿದ್ದವರೆಲ್ಲ ಏಕಕಾಲಕ್ಕೆ ಅದಕ್ಕೆ ಬೆನ್ನು ತಿರುಗಿಸಿ ಫೋನು ಎತ್ತಿದರು. ತಿಮಿಂಗಿಲ ಕಂಡದ್ದು ಮನುಷ್ಯರ ಬೆನ್ನು, ಮನುಷ್ಯರು ಕಂಡದ್ದು ತಮ್ಮ ಮುಖ. ಆ ಪ್ರಾಣಿ ಮತ್ತೆ ಏಳಲಿಲ್ಲ. ನಾನಾದರೂ ಏಳುತ್ತಿರಲಿಲ್ಲ.

ಸಣ್ಣ ವಿಮಾನಗಳದ್ದು ಇನ್ನೊಂದು ಪ್ರಸಂಗ. ಅಲ್ಲಿ ಪೆಟ್ಟಿಗೆಯ ಜೊತೆ ಮನುಷ್ಯರನ್ನೂ ತೂಗುತ್ತಾರೆ. ನಮ್ಮವರು ತೂಕ ಕೇಳಿದರೆ ಮದುವೆಯ ಸಮಯದ ತೂಕ ಹೇಳುತ್ತಾರೆ. ತಕ್ಕಡಿಯ ಮೇಲೆ ನಿಲ್ಲಿ ಎಂದರೆ ಸ್ವೆಟರು, ಬೂಟು, ತಕ್ಕಡಿ, ಕೆನಡಾ ಸರ್ಕಾರ ಎಲ್ಲದರ ಮೇಲೂ ಅನುಮಾನ. ಒಬ್ಬ ಮಹಾಶಯರ ತೂಕ ಯಾವ ಲೆಕ್ಕಕ್ಕೂ ತಾಳೆಯಾಗದೆ ಜಾಕೆಟ್ಟು ಬಿಚ್ಚಿಸಿದಾಗ ಒಳಗಿಂದ ಕುಕ್ಕರು ಹೊರಬಂತು. ಮುಚ್ಚಳ ಹೆಂಡತಿಯ ಜಾಕೆಟ್ಟಿನಲ್ಲಿತ್ತು. ಪುಳಿಯೋಗರೆ ಗೊಜ್ಜಿಲ್ಲದೆ ಯಾವ ಕನ್ನಡಿಗನೂ ಆರ್ಕ್ಟಿಕ್ ವೃತ್ತವನ್ನು ದಾಟಿದ್ದನ್ನು ನಾನು ಕಂಡಿಲ್ಲ. ನಾನೂ ದಾಟಿಲ್ಲ.

ಜೂನಿನಲ್ಲಿ ಅಲ್ಲಿ ಸೂರ್ಯ ಮುಳುಗುವುದಿಲ್ಲ. ಒಬ್ಬ ರಾಯರು ಸಂಧ್ಯಾವಂದನೆಗೆ ಪಂಚಪಾತ್ರೆ ಹಿಡಿದು ನಿಂತರು. ನಿಂತೇ ಇದ್ದರು. “ಸಂಧ್ಯೆ ಯಾವಾಗಪ್ಪ?” ಎಂದರು. ಆಗಸ್ಟಿನಲ್ಲಿ ಆಗಬಹುದು ಎಂದೆ. ಅವರು ಗಾಬರಿಯಾಗಿ ಮಾಲೀಕರಿಗೇ ಫೋನು ಮಾಡಿಸಿದರು. ಸುದರ್ಶನ್ ಸಾರ್ ಅತ್ತ ಕಡೆಯಿಂದ, “ಬೇಸಿಕಲಿ ಟೊರಾಂಟೊ ಟೈಮಲ್ಲಿ ಮಾಡ್ಬಿಡಿ, ಓಕೆನಾ” ಎಂದು ಧರ್ಮಶಾಸ್ತ್ರದ ಸಮಸ್ಯೆಯೊಂದನ್ನು ನಿದ್ದೆಗಣ್ಣಿನಲ್ಲೇ ಪರಿಹರಿಸಿದರು.

ಇವೆಲ್ಲ ನಗುವ ಮಾತಾಯಿತು. ನನ್ನ ನಿವೃತ್ತಿಗೆ ಕಾರಣವಾದ ಪ್ರವಾಸವೇ ಬೇರೆ.

ಅದೂ ಜೂನಿನಲ್ಲೇ. ಸಮುದ್ರದಂಚಿನಲ್ಲಿ ಇನುಯಿಟ್ ಎಂಬ ಅಲ್ಲಿಯ ಮೂಲನಿವಾಸಿಗಳ ಒಂದು ಪುಟ್ಟ ಊರು. ಮನೆಗಳ ಮುಂದೆಯೇ ಸಮುದ್ರ, ಸಮುದ್ರದ ಮೇಲೆ ಇನ್ನೂ ಕರಗದ ಮಂಜುಗಡ್ಡೆ. ತಂಡದಲ್ಲಿ ಬಹುತೇಕ ಟೊರಾಂಟೊ ಪಕ್ಕದ ರಿಚ್ಮಂಡ್ ಹಿಲ್‌ನ ಸಾಫ್ಟ್‌ವೇರ್ ಜನ. ಅವರಲ್ಲೊಬ್ಬರು ಗಿರೀಶ್, ಜೊತೆಗೆ ಮೈಸೂರಿನಿಂದ ಬಂದಿದ್ದ ಅವರ ಅತ್ತೆ ಸರೋಜಮ್ಮ. ಮಗಳು ಬರಬೇಕಾಗಿದ್ದ ಸೀಟು. ಆಕೆಗೆ ಆಫೀಸಿನಲ್ಲಿ ರಜೆ ಸಿಗದೆ, ಸೀಟು ಹಾಳಾಗಬಾರದೆಂದು ತಾಯಿಯನ್ನು ಧ್ರುವಕ್ಕೆ ಕಳಿಸಿದ್ದಳು. ಸರೋಜಮ್ಮ ಸೀರೆಯ ಮೇಲೆ ಅಳಿಯನ ಹಳೇ ಜಾಕೆಟ್ಟು, ಕತ್ತಿಗೆ ಕೆಂಪು ಮಫ್ಲರು ಹಾಕಿಕೊಂಡು ದಾರಿಯುದ್ದಕ್ಕೂ ಗೊಣಗಿದರು. “ಏನಿದೆ ಅಂತ ಕರ್ಕೊಂಡ್ಬಂದ್ಯೋ ಮಂಜು, ಒಂದು ಮರ ಇಲ್ಲ, ಒಂದು ನಾಯಿ ಮಾತಾಡ್ಸಲ್ಲ.”

ಊರಿನಲ್ಲಿ ನಮಗೆ ಟೀ ಕೊಡುತ್ತಿದ್ದವರು ಅಲಾಸಿ ಎಂಬ ಅಜ್ಜಿ. ಸರೋಜಮ್ಮನ ವಯಸ್ಸಿನವರೇ. ಇಂಗ್ಲಿಷು ಇಬ್ಬರಿಗೂ ಅಷ್ಟಕ್ಕಷ್ಟೇ. ಆದರೆ ಅಲಾಸಿ ಅಜ್ಜಿ ಕುರ್ಚಿಯಿಂದ ಏಳುವಾಗ ಮಂಡಿ ಹಿಡಿದುಕೊಂಡರು, ಸರೋಜಮ್ಮ ತಮ್ಮ ಮಂಡಿ ತೋರಿಸಿದರು, ಅಲ್ಲಿಗೆ ಭಾಷೆಯ ಕೆಲಸ ಮುಗಿಯಿತು. ಎಡಮಂಡಿ, ಬಲಮಂಡಿ, ಮೆಟ್ಟಿಲು ಹತ್ತುವಾಗಿನ ನೋವು, ಇಳಿಯುವಾಗಿನ ನೋವು ಎಲ್ಲವನ್ನೂ ಕೈಸನ್ನೆಯಲ್ಲೇ ವಿನಿಮಯ ಮಾಡಿಕೊಂಡರು. ನಾನು ಮೂಲೆಯಲ್ಲಿ ನಿಂತು ಇಬ್ಬರನ್ನೂ ಅಭಿನಯಿಸಿ ತಂಡವನ್ನು ನಗಿಸುತ್ತಿದ್ದೆ.

ಫೋಟೋಗೆ ಹೊತ್ತಾಯಿತೆಂದು ಗಿರೀಶ್ ಎಲ್ಲರನ್ನೂ ಎಬ್ಬಿಸಿದರು. ಟೀ ಲೋಟ ಅರ್ಧಕ್ಕೇ ಬಿಟ್ಟು ಸರೋಜಮ್ಮ ಬಾಗಿಲಿಗೆ ಬಂದು, ಅಲಾಸಿ ಅಜ್ಜಿಯ ಕೈ ಹಿಡಿದು, ನಾವು ನೀವು ಪ್ರತಿ ಬಾಗಿಲಲ್ಲೂ ಹೇಳುವ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು.

“ನೌ ಐ ವಿಲ್ ಕಮ್, ಅಲಾಸಿ. ಗೋ ಅಂಡ್ ಕಮ್.”

ಬರ್ತೀನಿ. ಹೋಗಿ ಬರ್ತೀನಿ. ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಎನ್ನುವ ಹೆಂಗಸು ಮೈಸೂರಿನಲ್ಲಿ ಇನ್ನೂ ಹುಟ್ಟಿಲ್ಲ. ನನ್ನ ಕಿವಿಗೂ ಅದು ವಿದಾಯವೇ. ಹತ್ತಾರು ಜನರ ದನಿಯಲ್ಲಿ ಮಾತಾಡಬಲ್ಲ ನಾನು, ಆ ಮಾತು ಬೇರೆಯವರ ಕಿವಿಗೆ ಹೇಗೆ ಬೀಳುತ್ತದೆಂದು ಯೋಚಿಸಲಿಲ್ಲ. ಅಲಾಸಿ ಅಜ್ಜಿ ತಲೆಯಾಡಿಸಿ, ಲೋಟದ ಮೇಲೆ ತಟ್ಟೆ ಮುಚ್ಚಿ, ಕೆಟಲನ್ನು ಮತ್ತೆ ಒಲೆಗೇರಿಸಿದರು. ಎಷ್ಟು ಚೊಕ್ಕ ಹೆಂಗಸು ಎಂದುಕೊಂಡು ಹೊರಬಿದ್ದೆ.

ದಡದ ಮಂಜುಗಡ್ಡೆಯ ಮೇಲೆ ಹಾರಿದ ಫೋಟೋ, ಮಲಗಿದ ಫೋಟೋ, ಬಾವುಟದ ಫೋಟೋ ಎಲ್ಲ ಆಯಿತು. ವ್ಯಾನು ನಮ್ಮನ್ನು ನೇರ ವಿಮಾನ ಇಳಿಯುವ ಪಟ್ಟಿಗೆ ತಂದಿತು. ಸಮುದ್ರದ ಕಡೆ ಬಿಳಿ ಗೋಡೆಯಂತೆ ಮಂಜು ಕವಿಯುತ್ತಿತ್ತು. ಪೈಲಟ್ ಅದನ್ನು ನೋಡುತ್ತ ಅವಸರ ಮಾಡುತ್ತಿದ್ದ. ಅಷ್ಟರಲ್ಲಿ ಪಟ್ಟಿಯ ಪಕ್ಕದ ಗುಡಿಸಲಿನಂಥ ಆಫೀಸಿನಿಂದ ಅಲ್ಲಿಯ ಕೆಲಸಗಾರ ಓಡಿಬಂದ. ಊರವರು ಪರಸ್ಪರ ಮಾತಾಡಿಕೊಳ್ಳುವ ರೇಡಿಯೊದಲ್ಲಿ ಅಲಾಸಿ ವಿಚಾರಿಸುತ್ತಿದ್ದಾರೆ, ಈಗ ಬರುತ್ತೇನೆಂದು ಹೋದ ಮುದುಕಿ ಇನ್ನೂ ಬಂದಿಲ್ಲವಂತೆ. ಮಂಜುಗಡ್ಡೆಯ ಮೇಲೆ ದಾರಿ ತಪ್ಪಿರಬೇಕೆಂದು ಅಲಾಸಿಯ ಮಗ ಪೀಟಾ ಮತ್ತಿಬ್ಬರು ಹಿಮದ ಮೇಲೆ ಓಡುವ ಸ್ನೋಮೊಬೈಲು ಹತ್ತಿ ಹುಡುಕಲು ಹೋಗಿದ್ದಾರೆ.

ದಾರಿ ತಪ್ಪಿದ ಮುದುಕಿ ನನ್ನ ಪಕ್ಕದಲ್ಲೇ ನಿಂತು ಚಕ್ಕುಲಿ ಮುರಿಯುತ್ತಿದ್ದರು.

ಇವರು ಇಲ್ಲೇ ಇದ್ದಾರೆ, ವಾಪಸು ಕರೆಯಿರಿ ಎಂದೆ. ಕರೆದರು. ಇಬ್ಬರು ಉತ್ತರ ಕೊಟ್ಟು ತಿರುಗಿದರು. ಪೀಟಾನ ರೇಡಿಯೊ ಉತ್ತರಿಸಲಿಲ್ಲ. ಅವನು ಭೂಶಿರ ದಾಟಿ, ಮಂಜುಗಡ್ಡೆ ಬಿರುಕು ಬಿಡುವ ಕಡೆಗೆ ಹೋದದ್ದನ್ನು ಉಳಿದವರು ಕಂಡಿದ್ದರು. ಸರೋಜಮ್ಮ ಸಿಕ್ಕಿದ್ದಾರೆಂದು ಅವನಿಗೆ ಗೊತ್ತಾಗುವವರೆಗೂ ಆ ಮಂಜಿನಲ್ಲಿ ಇವರನ್ನು ಹುಡುಕುತ್ತಲೇ ಇರುತ್ತಾನೆ.

ಕನ್ನಡದಲ್ಲಿ ವಿಷಯ ತಿಳಿಸಿದೆ. ಸರೋಜಮ್ಮ ಚಕ್ಕುಲಿಯನ್ನು ಜೇಬಿಗೆ ಹಾಕಿಕೊಂಡರು.

“ಆ ಹುಡುಗ ಬರೋವರ್ಗೂ ನಾನು ವಿಮಾನ ಹತ್ತಲ್ಲ.”

ಗಿರೀಶ್‌ಗೆ ಮುಜುಗರ. “ಅತ್ತೆ, ಈಗ ಹೊರಡ್ಲಿಲ್ಲ ಅಂದ್ರೆ ಇವತ್ತು ಹೊರಡೋಕಾಗಲ್ಲ. ನಾಳೆ ಬೆಳಿಗ್ಗೆ ನಂಗೆ ಮೀಟಿಂಗಿದೆ.”

“ನೀನು ಹೋಗಪ್ಪ. ಮೀಟಿಂಗು ಮುಗ್ಸು.”

“ಅವ್ರು ಲೋಕಲ್ಸು ಅತ್ತೆ. ಅವ್ರಿಗೆ ಇದೆಲ್ಲ ಅಭ್ಯಾಸ ಇರುತ್ತೆ.”

“ನನ್ನನ್ನ ಹುಡ್ಕೋದು ಅವ್ನಿಗೆ ಅಭ್ಯಾಸ ಇದ್ಯಾ?”

ತಂಡದ ಉಳಿದವರು ಮೆಲ್ಲಗೆ ವಿಮಾನದ ಕಡೆ ಸರಿಯತೊಡಗಿದರು. ಇದೇ ಜನ ಟೀ ಕುಡಿಯುವಾಗ ಇನುಯಿಟ್ ಜನರ ಆತಿಥ್ಯದ ಬಗ್ಗೆ ವಿಡಿಯೊ ಮಾಡಿಕೊಂಡಿದ್ದರು. ಪೈಲಟ್ ನನ್ನ ಮುಖ ನೋಡಿದ. ವಿಮಾನ ನಿಲ್ಲಿಸಬೇಕಾದರೆ ಅದನ್ನು ಗೊತ್ತುಮಾಡಿದ ಕಂಪನಿಯ ಮಾತು ಬೇಕು ಎಂದ. ಸ್ಯಾಟಲೈಟ್ ಫೋನಿನಲ್ಲಿ ಸುದರ್ಶನ್ ಸಾರ್‌ಗೆ ಕರೆ ಮಾಡಿದೆ.

“ಬೇಸಿಕಲಿ ಯಾರು ಕಳ್ದೋಗಿರೋದು? ನಮ್ಮೋರಾ?”

“ಅಲ್ಲ ಸಾರ್. ನಮ್ಮೋರನ್ನ ಹುಡ್ಕೋಕೆ ಹೋದೋನು.”

“ನಮ್ಮೋರು ಸಿಕ್ಕಿದ್ರಾ?”

“ನಮ್ಮೋರು ಕಳ್ದೇ ಇರ್ಲಿಲ್ಲ ಸಾರ್.”

“ಮತ್ತೆ ಬೇಸಿಕಲಿ ಪ್ರಾಬ್ಲಮ್ಮೇ ಇಲ್ವಲ್ಲೋ. ಎಲ್ರನ್ನೂ ಹತ್ಸು. ಆಯಮ್ಮ ಬರ್ದಿದ್ರೆ ಬಿಟ್ಬಾ, ಮುಂದಿನ ವಾರದ ಫ್ಲೈಟಲ್ಲಿ ಬರ್ಲಿ. ಓಕೆನಾ?” ಸೊರ್. ಫೋನು ಇಟ್ಟರು.

ನಾನು ಆಫೀಸಿನ ಹಿಂಬದಿಗೆ ಹೋಗಿ, ಗಾಳಿಗೆ ಬೆನ್ನು ಕೊಟ್ಟು, ಅದೇ ಆಫೀಸಿನ ಫೋನಿಗೆ ಕರೆ ಮಾಡಿದೆ. ಪೈಲಟನ್ನು ಕರೆಯಿರಿ ಎಂದೆ. ಪಾಯಸ ಎಳೆದೆ. “ಬೇಸಿಕಲಿ ದಿಸ್ ಈಸ್ ಸುದರ್ಶನ್ ಫ್ರಮ್ ಟೊರಾಂಟೊ. ಹೋಲ್ಡ್ ದ ಪ್ಲೇನ್. ಓಕೆನಾ?”

ನನ್ನ ವೃತ್ತಿಜೀವನದ ಅತ್ಯುತ್ತಮ ಪ್ರದರ್ಶನ ಅದು. ಒಂದೇ ಲೋಪವೆಂದರೆ ಆ ಗೋಡೆಗೆ ಕಿಟಕಿಯಿತ್ತು. ಮಾತು ಮುಗಿಸಿ ತಿರುಗಿದರೆ ಗಾಜಿನಾಚೆ ಪೈಲಟ್ ರಿಸೀವರು ಹಿಡಿದು ನನ್ನನ್ನೇ ನೋಡುತ್ತಿದ್ದ. ಕಣ್ಣು ಕದಲಿಸದೆ, “ಸರಿ ಸುದರ್ಶನ್, ನೀವು ಹೇಳಿದಂತೆಯೇ ಆಗಲಿ. ಟೊರಾಂಟೊದಲ್ಲಿ ಬಹಳ ಗಾಳಿ ಇರುವಂತಿದೆ” ಎಂದು ಇಂಗ್ಲಿಷಿನಲ್ಲಿ ಹೇಳಿ ಫೋನು ಇಟ್ಟ. ಹೊರಗೆ ಬಂದು ವಿಮಾನದ ರೆಕ್ಕೆಗೆ ಹಗ್ಗ ಕಟ್ಟಿ ನೆಲಕ್ಕೆ ಬಿಗಿಯತೊಡಗಿದ.

ನಿವೃತ್ತಿಯ ವಿಷಯ ಇಲ್ಲೇ ಹೇಳಿ ಮುಗಿಸುತ್ತೇನೆ. ನಾವು ಹಿಂದಿರುಗಿದ ಮೇಲೆ ತಂಡದ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಮಾನವೀಯತೆಗಾಗಿ ವಿಮಾನ ನಿಲ್ಲಿಸಿದ ಸುದರ್ಶನ್ ಸಾರ್‌ಗೆ ಧನ್ಯವಾದ’ ಎಂದು ಬರೆದರು. ಮೀಟಿಂಗು ತಪ್ಪಿದವರೂ ಅದರ ಕೆಳಗೆ ಕೈಮುಗಿದರು. ಸಾರ್ ಮೊದಲು ಆ ಧನ್ಯವಾದವನ್ನು ಸ್ವೀಕರಿಸಿ, ‘ಇದು ನಮ್ಮ ಕಂಪನಿಯ ಸಂಸ್ಕೃತಿ’ ಎಂದು ಉತ್ತರಿಸಿ, ಆಮೇಲೆ ನನಗೆ ಫೋನು ಮಾಡಿದರು.

“ಬೇಸಿಕಲಿ ನಾನು ಯಾವಾಗ ನಿಲ್ಸು ಅಂದ್ನೋ?”

“ನೀವು ಮಲ್ಗಿದಾಗ ನಾನೇ ನೀವು ಅಂದಿದ್ರಿ ಸಾರ್.”

“ನಾನು ಎದ್ದಿದ್ದೆ. ನಾಳೆಯಿಂದ ಬರ್ಬೇಡ.”

“ಸರಿ ಸಾರ್, ಬರ್ತೀನಿ” ಎಂದೆ. ಬಾಯಿ ತಪ್ಪಿ ಬಂದದ್ದು. ಅವರು ಬಹಳ ಹೊತ್ತು ಬೈದರು.

ಮತ್ತೆ ಆ ದಿನಕ್ಕೆ ಬರುತ್ತೇನೆ. ಸರೋಜಮ್ಮ ನನ್ನನ್ನು ಕರೆದುಕೊಂಡು ಅಲಾಸಿ ಅಜ್ಜಿಯ ಮನೆಗೆ ನಡೆದರು. ಅಲ್ಲಿಗೆ ಹೋಗಿ ಏನು ಹೇಳುವುದೆಂದು ನನಗೆ ಹೆದರಿಕೆ. ಎಷ್ಟೇ ದನಿಗಳಿದ್ದರೂ ಆ ಬಾಗಿಲಿಗೆ ಹೊಂದುವ ದನಿ ನನ್ನಲ್ಲಿರಲಿಲ್ಲ. ಅಜ್ಜಿ ಕಿಟಕಿಯ ಬಳಿ ನಿಂತಿದ್ದರು. ಸರೋಜಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈ ಮುಟ್ಟಿ, ಬೆಚ್ಚಗಿದೆಯೆಂದು ಖಾತ್ರಿ ಮಾಡಿಕೊಂಡು, ಕೂರಿಸಿದರು. ಬೈಯಲಿಲ್ಲ. ಮಾತಿನ ಅರ್ಥ ಹೀಗೆಂದು ನಾನು ವಿವರಿಸಿದೆ: ನಮ್ಮಲ್ಲಿ ಹೋಗುವಾಗ ಬರುತ್ತೇನೆ ಅನ್ನುತ್ತಾರೆ.

“ನಿಜವಾಗಿ ವಾಪಸು ಬರುವುದಿದ್ದರೆ ಏನನ್ನುತ್ತೀರಿ?” ಎಂದರು ಅಜ್ಜಿ.

ಅಲ್ಲಿ ಈಗ ಬರುತ್ತೇನೆ ಎಂದವರು ಬರದಿದ್ದರೆ ಹುಡುಕಲು ಹೋಗುತ್ತಾರೆ, ಅಷ್ಟೇ. ಅದರಲ್ಲಿ ಯೋಚಿಸುವುದೇನೂ ಇಲ್ಲ.

ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಪಕ್ಕದ ಮನೆಯೂ ಮಂಜಿನಲ್ಲಿ ಮುಳುಗಿತ್ತು. ಹಿಂದಿರುಗಿ ಬಂದ ಇಬ್ಬರು ಪೀಟಾನಿಗೆ ದಿಕ್ಕು ತಿಳಿಯಲೆಂದು ದಡದಲ್ಲಿ ನಿಂತು ಹಾರನ್ನು ಬಾರಿಸುತ್ತಿದ್ದರು. ಮೇಜಿನ ಮೇಲಿನ ರೇಡಿಯೊದಲ್ಲಿ ಅಜ್ಜಿ ಆಗಾಗ ಮಗನ ಹೆಸರು ಹೇಳುತ್ತಿದ್ದರು. ಒಂದೇ ಸ್ವರದಲ್ಲಿ, ಊಟಕ್ಕೆ ಕರೆಯುವಂತೆ. ಅವನಿಗೆ ಮಂಜುಗಡ್ಡೆ ಗೊತ್ತು ಎಂದು ನಮಗೆ ಹೇಳಿದರು. ಹೇಳಿದ ಮೇಲೆ ಹಿಟ್ಟು ನಾದಲು ಕೂತರು, ಕೈ ಹಿಟ್ಟಿನಲ್ಲೇ ನಿಂತುಹೋಯಿತು. ಸರೋಜಮ್ಮ ಹತ್ತಿರ ಸರಿದು, ಆ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡು, ಚಪಾತಿ ಹಿಟ್ಟಿನ ಹಾಗೆ ನಾದತೊಡಗಿದರು. ಯಾರನ್ನೂ ಅನುಕರಿಸಲು ನನಗೆ ಮನಸ್ಸಾಗಲಿಲ್ಲ.

ಹಾರನ್ನಿನ ನಡುವೆ ಎಂಜಿನ್ನಿನ ಸದ್ದು ಕೇಳಿದ್ದು ಮೊದಲು ಅಲಾಸಿ ಅಜ್ಜಿಗೆ. ಎದ್ದರು, ಮಂಡಿ ಹಿಡಿಯುವುದನ್ನೂ ಮರೆತು. ಬಾಗಿಲು ತೆರೆದುಕೊಂಡು ಪೀಟಾ ಒಳಗೆ ಬಂದ. ಹುಬ್ಬು, ಮೀಸೆ ಎಲ್ಲ ಒದ್ದೆ. ತೊಡೆಯವರೆಗೆ ನೀರಿನಲ್ಲಿ ಇಳಿದುಹೋಗಿದ್ದನಂತೆ, ರೇಡಿಯೊ ಅಲ್ಲೇ ಹೋಗಿತ್ತು. ಕೈಯಲ್ಲಿ ಒಂದು ಕೆಂಪು ಮಫ್ಲರು. ಫೋಟೋ ತೆಗೆಸಿಕೊಂಡ ಜಾಗದಿಂದ ಗಾಳಿ ಅದನ್ನು ಸಮುದ್ರದ ಕಡೆಗೆ ಹಾರಿಸಿಕೊಂಡು ಹೋಗಿತ್ತು. ಅದನ್ನು ಕಂಡೇ ಅವನು ಇನ್ನೂ ಮುಂದಕ್ಕೆ ಹೋದದ್ದು.

ಸರೋಜಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಎದ್ದು ಅವನ ಎದುರು ನಿಂತರು.

“ಏನಪ್ಪ, ಬುದ್ಧಿ ಬೇಡ್ವಾ ನಿಂಗೆ? ಯಾವ್ದೋ ಮುದುಕಿ ಬರ್ತೀನಿ ಅಂದ್ಳು ಅಂತ ನೀರಿಗೆ ಇಳಿಯೋದಾ? ನಮ್ಮೂರಲ್ಲಿ ದಿನಾ ಎಲ್ರೂ ಬರ್ತೀನಿ ಅಂತಾರೆ. ಯಾರೂ ಬರಲ್ಲ ಕಣಪ್ಪ. ಯಾರೂ ಹುಡ್ಕೋದೂ ಇಲ್ಲ.”

ಪೀಟಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡು, ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳಿದ. ಥ್ಯಾಂಕ್ಸ್ ಹೇಳುತ್ತಿದ್ದಾರೆ ಎಂದೆ.

“ಇಷ್ಟು ಉದ್ದವಾಗಿಯೇ?”

“ನಾನೂ ಅವನಿಗೆ ಅದನ್ನೇ ಹೇಳುವುದರಲ್ಲಿದ್ದೆ” ಎಂದರು ಅಲಾಸಿ ಅಜ್ಜಿ. ಅನುವಾದ ಬೇಕಾಗಿದ್ದುದು ಆ ಕೋಣೆಯಲ್ಲಿ ಪೀಟಾನಿಗೆ ಮಾತ್ರ.

ಅಜ್ಜಿ ಮಗನಿಗೆ ಒಣ ಬಟ್ಟೆ ಎಸೆದರು. ಸರೋಜಮ್ಮನ ಲೋಟದಲ್ಲಿ ಆರಿಹೋಗಿದ್ದ ಟೀ ಚೆಲ್ಲಿ ಬಿಸಿಯದನ್ನು ಬಗ್ಗಿಸಿಕೊಟ್ಟರು. ಸರೋಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕುಡಿಯತೊಡಗಿದರು. ದಡದಲ್ಲಿ ಹಾರನ್ನು ಇನ್ನೂ ಮೊಳಗುತ್ತಿತ್ತು. ಅಜ್ಜಿ ರೇಡಿಯೊ ಎತ್ತಿಕೊಂಡು ಊರಿಗೆಲ್ಲ ಕೇಳುವಂತೆ ಮೊದಲು ತಮ್ಮ ಭಾಷೆಯಲ್ಲಿ, ಆಮೇಲೆ ನಮಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದರು:

“ಇಬ್ಬರೂ ಬಂದರು. ಅವಳು ಟೀ ಕುಡಿಯುತ್ತಿದ್ದಾಳೆ.”